ಜೀವನಾಂಶ: ಬೆಂಗಳೂರಿನ ಪೂರ್ವಸೀಮೆಯಿಂದ ಕಂಡ ಚರಿತ್ರೆ

ದಾಂಪತ್ಯವು ಮುರಿದ ತರುವಾಯ, ಅಥವಾ ಮುರಿಯುವ ವ್ಯಾಜ್ಯವು ನಡೆಯುತ್ತಿರುವಾಗಲೇ, ಪತಿಪತ್ನಿಯರಲ್ಲಿ ಶಕ್ತರಾದವರು ಅಶಕ್ತರಾದವರ ಅನ್ನ ವಸ್ತ್ರ ವಸತಿಗಳಿಗೆಂದು ನ್ಯಾಯಾಲಯದ ಆಜ್ಞೆಯಿಂದಲೋ ಪರಸ್ಪರ ಒಪ್ಪಂದದಿಂದಲೋ ಕೊಡುವ ಧನಕ್ಕೆ ಜೀವನಾಂಶವೆಂದು ಹೆಸರು. ಇದರ ಚರಿತ್ರೆಯನ್ನು ಬೆಂಗಳೂರಿನ ಪೂರ್ವದಲ್ಲಿರುವ ಕಗ್ಗದಾಸಪುರದ ಕಡೆಯಿಂದ ನೋಡುವುದರಲ್ಲಿ ಒಂದು ಪ್ರಯೋಜನವುಂಟು. 1881ರಿಂದ 1947ರ ಜುಲೈವರೆಗೆ ಹಲಸೂರು, ಶಿವಾಜಿನಗರಗಳನ್ನೊಳಗೊಂಡ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನು ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿಯೂ, ಅದರಾಚೆ ಕೆರೆಯ ಬದಿಯ ಹಳ್ಳಿಯಾಗಿದ್ದ ಕಗ್ಗದಾಸಪುರವು ಮೈಸೂರು ಮಹಾರಾಜರ ಆಳ್ವಿಕೆಯಲ್ಲಿಯೂ ಇದ್ದುದರಿಂದ, ಕೆಲವೇ ಮೈಲಿಗಳ ಅಂತರದಲ್ಲಿ ಒಡೆದ ಸಂಸಾರದ ಲೆಕ್ಕವನ್ನು ಎರಡು ಬೇರೆ ಬೇರೆ ಅಧಿಕಾರಗಳು ವಿಚಾರಿಸುತ್ತಿದ್ದವು.

ಕನ್ನಡನಾಡಿನಲ್ಲಿ ಈ ವಿಷಯಕ್ಕೆ ಪ್ರಾಚೀನವಾದ ಆಧಾರವು ಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ. ವಿವಾಹವು ಕಡಿಯಲಾಗದ ಸಂಸ್ಕಾರವೆಂದು ಭಾವಿಸಿದ ಆ ಧರ್ಮಶಾಸ್ತ್ರವು ಇಂದಿನ ಅರ್ಥದ ವಿಚ್ಛೇದನವನ್ನು ಒಪ್ಪದಿದ್ದರೂ, ಪರಿತ್ಯಾಗಕ್ಕೆ ಬೆಲೆಯುಂಟೆಂಬುದನ್ನು ಮಾತ್ರ ಬಲ್ಲದಾಗಿತ್ತು: ಆಜ್ಞಾಧಾರಿಣಿಯೂ ದಕ್ಷಳೂ ಪ್ರಿಯವಾದಿನಿಯೂ ಪುತ್ರವತಿಯೂ ಆದ ಹೆಂಡತಿಯನ್ನು ತ್ಯಜಿಸಿದವನಿಂದ ಅವನ ಧನದ ಮೂರರಲ್ಲೊಂದು ಪಾಲನ್ನು ಆಕೆಗೆ ಕೊಡಿಸತಕ್ಕದ್ದು, ಅವನು ನಿರ್ಧನನಾದರೆ ಪೋಷಣೆಯನ್ನಾದರೂ ಮಾಡಿಸತಕ್ಕದ್ದು ಎಂದು ಸ್ಮೃತಿಯು ವಿಧಿಸುತ್ತದೆ. ಸ್ತ್ರೀಧನವನ್ನು ಪಡೆಯದ ಹೆಂಡತಿಯ ಮೇಲೆ ಮತ್ತೊಬ್ಬಳನ್ನು ತರುವವನು ಎರಡನೆಯ ಮದುವೆಗೆ ಎಷ್ಟು ವೆಚ್ಚಮಾಡುವನೋ ಅಷ್ಟನ್ನೇ ಮೊದಲನೆಯವಳಿಗೂ ಕೊಡಬೇಕಾಗಿತ್ತು. ಇದಕ್ಕೆ ಆಧಿವೇದನಿಕವೆಂದು ಹೆಸರು. ಮೂರನೆಯ ಒಂದು ಪಾಲು ಉದಾರವಾದುದೇ ಸರಿ. ಆದರೆ ಆ ಪಾಲಿಗೆ ಹೆಣ್ಣಿನ ನಡತೆಯನ್ನು ನಿಬಂಧನೆಯಾಗಿ ಬಿಗಿದುದರಿಂದ, ಆಕೆಯ ಹೊಟ್ಟೆಯ ಪ್ರಶ್ನೆಯೂ ಆಕೆಯ ಗುಣದೋಷಗಳ ವಿಚಾರಣೆಯೂ ಅಂದೇ ಒಂದರೊಳಗೊಂದು ಹೆಣೆದುಕೊಂಡವು. ಆ ಹೆಣಿಗೆಯು ಈಚಿನ ಕಾಯಿದೆಗಳಲ್ಲಿಯೂ ಬಿಚ್ಚಿಹೋಗಲಿಲ್ಲ.

ಶಾಸ್ತ್ರವು ಒಪ್ಪದುದನ್ನು ರೂಢಿಯು ಒಪ್ಪಿತ್ತು. ಮೈಸೂರು ಸೀಮೆಯ ಅನೇಕ ಜಾತಿಗಳಲ್ಲಿ ಕುಲದ ಯಜಮಾನರ ಮುಂದೆ ಸಂಬಂಧವನ್ನು ಬಿಡಿಸಿಕೊಳ್ಳುವುದೂ, ಬಿಟ್ಟವಳು ಕೂಡಿಕೆಯ ಕ್ರಮದಿಂದ ಮತ್ತೊಬ್ಬನ ಮನೆ ಸೇರುವುದೂ ನಡೆದಿತ್ತು. ಹಾಗೆ ಸೇರಿದಾಗ ಹೊಸ ಗಂಡನು ಮೊದಲಿನವನಿಗೆ ತೆರವನ್ನೂ (ಎಂದರೆ ಕನ್ಯಾಶುಲ್ಕವನ್ನೂ) ಮದುವೆಯ ವೆಚ್ಚವನ್ನೂ ತುಂಬಿಕೊಡಬೇಕಾಗಿತ್ತು. ಪಂಚಾಯಿತಿಯು ಹಲವು ಮನೆಗಳ ವೈಮನಸ್ಯವನ್ನು ಶೀಘ್ರವಾಗಿ ಆರಿಸುತ್ತಿದ್ದುದು ದಿಟ. ಆದರೆ ಆ ಹಣವು ಗಂಡಸಿನ ಕೈಯಿಂದ ಗಂಡಸಿನ ಕೈಗೆ ಹೋಗುತ್ತಿತ್ತಲ್ಲದೆ, ಅಷ್ಟು ವರ್ಷ ಆ ಮನೆಯಲ್ಲಿ ದುಡಿದವಳ ಕೈಗೆ ಬರುತ್ತಿರಲಿಲ್ಲ.

ಬ್ರಿಟಿಷರು ಕ್ರೈಸ್ತರಿಗಾಗಿ ಮಾಡಿದ 1869ರ ವಿಚ್ಛೇದನ ಕಾಯಿದೆಯು ಇದೇ ಭಾವನೆಯನ್ನು ಬೇರೊಂದು ವೇಷದಲ್ಲಿ ತಂದಿತು. ವ್ಯಾಜ್ಯಕಾಲದ ಜೀವನಾಂಶವು ಗಂಡನ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ವರಮಾನದ ಐದರಲ್ಲೊಂದು ಪಾಲನ್ನು ಮೀರತಕ್ಕದ್ದಲ್ಲವೆಂದು ಅದು ಗೆರೆಯೆಳೆಯಿತು. ಹೆಂಡತಿಯ ಜಾರನಿಂದ ನಷ್ಟಪರಿಹಾರವನ್ನು ಕೇಳುವ ಹಕ್ಕನ್ನೂ ಗಂಡನಿಗಿತ್ತಿತು. ಇವೆರಡೂ ಅಳಿದುದು 2001ರಲ್ಲಿ. ಇತ್ತ ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದು, ವಿಭಾಗಕಾಲದಲ್ಲಿ ವಿಧವೆ, ತಾಯಿ, ಅವಿವಾಹಿತ ಪುತ್ರಿಯರಿಗೆ ಪಾಲನ್ನು ಕೊಟ್ಟಿತಾದರೂ ವಿಚ್ಛೇದನವನ್ನು ಕೊಡಲಿಲ್ಲ. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡದವರಿಗೆ 1947ರಲ್ಲಿಯೂ, ಮದರಾಸಿಗೆ ಸೇರಿದ್ದ ಮಂಗಳೂರಿನವರಿಗೆ 1949ರಲ್ಲಿಯೂ ದೊರೆತ ಆ ಹಕ್ಕು ಕಗ್ಗದಾಸಪುರದ ಹಿಂದೂ ಗೃಹಿಣಿಗೆ ಶಾಸನರೂಪದಲ್ಲಿ ದೊರೆಯಲು 1955ರ ಹಿಂದೂ ವಿವಾಹ ಕಾಯಿದೆಯೇ ಬರಬೇಕಾಯಿತು. ಅದರ 25ನೆಯ ಪ್ರಕರಣವು ಪತಿಪತ್ನಿಯರಿಬ್ಬರಲ್ಲಿ ಯಾರೇ ಆಗಲಿ ಜೀವನಾಂಶವನ್ನು ಕೇಳಬಹುದೆಂದಿತು. ಇಬ್ಬರ ನಡತೆಯನ್ನೂ ಗಣಿಸಬಹುದೆಂದು ಸೇರಿಸಿತು.

ಬಡವರಿಗೆ ಹೆಚ್ಚು ಸಮೀಪವಾಗಿದ್ದುದು ಮ್ಯಾಜಿಸ್ಟ್ರೇಟರ ಕಚೇರಿಯ ಬಾಗಿಲು. ದಂಡ ಪ್ರಕ್ರಿಯಾ ಸಂಹಿತೆಯಡಿ ತಿಂಗಳಿಗೆ 50 ರೂಪಾಯಿಗಳಿದ್ದ ಗರಿಷ್ಠ ಮಿತಿಯು 100ಕ್ಕೇರಿ, 1955ರಲ್ಲಿ 500 ಆಯಿತು. ಆಮೇಲೆ ಅದು ಕದಲಲಿಲ್ಲ. 1973ರ ಹೊಸ ಸಂಹಿತೆಯು 125ನೆಯ ಪ್ರಕರಣದಲ್ಲಿ ವಿಚ್ಛೇದಿತೆಯನ್ನೂ ಸೇರಿಸಿಕೊಂಡಿತು, ಮೊತ್ತವನ್ನು ಮಾತ್ರ ಮುಟ್ಟಲಿಲ್ಲ. ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆಯೂ, ವಿಮಾನಪುರದಲ್ಲಿ ಎಚ್‌ಎಎಲ್ಲೂ ಬೆಳೆದು, ಸುತ್ತಣ ಹಳ್ಳಿಗಳ ಹೊಲಗಳು ನಿವೇಶನಗಳಾಗಿ, ಸಂಬಳಗಳು ಹಲವು ಮಡಿಯಾದ ಮೇಲೆಯೂ, ಹೆಂಡತಿಯ ಒಂದು ತಿಂಗಳಿನ ಜೀವನಕ್ಕೆ ಆ ಪ್ರಕರಣದಡಿ 500 ರೂಪಾಯಿಗಳಿಗಿಂತ ಒಂದು ಕಾಸೂ ಹೆಚ್ಚು ಸಿಗದ ಸ್ಥಿತಿಯು 2001ರವರೆಗೆ, ಎಂದರೆ 46 ವರ್ಷ, ಮುಂದುವರಿದುದು ಈ ಚರಿತ್ರೆಯಲ್ಲೆಲ್ಲ ಅತ್ಯಂತ ನಿಷ್ಕರುಣವಾದ ಸಂಗತಿ. ಹೆಣ್ಣುಮಕ್ಕಳ ಕಡೆಯ ಕಹಿಯು ಎಲ್ಲಿಂದ ಬಂದಿತೆಂದು ಕೇಳುವವರು ಈ ಸಂಖ್ಯೆಯನ್ನು ಮರೆಯಬಾರದು.

ಗಂಡಸರ ಕಡೆಯ ಅಸಮಾಧಾನವೂ ನಿರಾಧಾರವಾದುದಲ್ಲ. ಅಲ್ಪಕಾಲದ ದಾಂಪತ್ಯಕ್ಕೆ ದೀರ್ಘಕಾಲದ ಹೊಣೆ, ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯಕ್ಕೆ ವರ್ಷಗಟ್ಟಲೆ ಅಲೆದಾಟ, ಬಾಕಿಯು ಬೆಳೆದು ವಾರಂಟಾಗಿ ಬರುವ ಭಯ, ಇವುಗಳಿಂದ ಬೆಂದವರುಂಟು. 2024ರ ಆಗಸ್ಟಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ತಿಂಗಳಿಗೆ 6,16,300 ರೂಪಾಯಿಗಳ ಕೋರಿಕೆ ಬಂದಾಗ, ಅಷ್ಟು ಬೇಕಾದರೆ ದುಡಿಯಲೆಂದು ನ್ಯಾಯಮೂರ್ತಿಗಳು ಆಡಿದ ಮಾತಿನ ದೃಶ್ಯವು ದೇಶವೆಲ್ಲ ಹರಡಿ, ಎಲ್ಲ ಅರ್ಜಿಗಳೂ ಅಂಥವೇ ಎಂಬ ಭ್ರಮೆಯನ್ನು ಹುಟ್ಟಿಸಿದುದು ದುರ್ದೈವ. ಉಭಯಪಕ್ಷಗಳೂ ಆಸ್ತಿ ಮತ್ತು ಹೊಣೆಗಳನ್ನು ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕು, ಜೀವನಾಂಶವು ಅರ್ಜಿಯ ದಿನದಿಂದಲೇ ಸಲ್ಲಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರಿನಲ್ಲಿ ವಿಧಿಸಿದುದು, ವರಮಾನವನ್ನು ಅಡಗಿಸುವ ಮತ್ತು ಉಬ್ಬಿಸುವ ಉಭಯ ಚಾಳಿಗಳಿಗೂ ಮದ್ದಾಗಬಲ್ಲ ಉಪಾಯ.

ಆದರೆ ಅಂದಿನಿಂದ ಇಂದಿನವರೆಗೆ ಕಾಯಿದೆಯು ಲೆಕ್ಕವಿಟ್ಟುದು ಬಹುಮಟ್ಟಿಗೆ ಜೀವನೋಪಾಯವನ್ನೇ ಹೊರತು, ಇಬ್ಬರೂ ಕೂಡಿ ಗಳಿಸಿದುದರಲ್ಲಿನ ಪಾಲನ್ನಲ್ಲ. ನೆರೆಯ ಗೋವೆಯಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆಯಂತೆ, ಬೇರೆ ಕರಾರಿಲ್ಲದಿದ್ದರೆ, ದಂಪತಿಗಳ ಆಸ್ತಿಯು ಇಬ್ಬರಿಗೂ ಸಮವಾಗಿ ಸೇರುತ್ತದೆ. ಗಂಡನ ಸ್ಥಿರಾಸ್ತಿಯಲ್ಲಿ ವಿಚ್ಛೇದಿತೆಗೆ ಪಾಲು ಕೊಡಲು ಉದ್ದೇಶಿಸಿದ್ದ ವಿವಾಹ ಕಾನೂನುಗಳ ತಿದ್ದುಪಡಿ ವಿಧೇಯಕವು 2013ರಲ್ಲಿ ರಾಜ್ಯಸಭೆಯ ಅಂಗೀಕಾರವನ್ನು ಪಡೆದೂ, ಮರುವರ್ಷ ಲೋಕಸಭೆಯು ವಿಸರ್ಜಿತವಾದುದರಿಂದ ಬಿದ್ದುಹೋಯಿತು. ಆದಕಾರಣ ಕಗ್ಗದಾಸಪುರದ ಅಪಾರ್ಟ್‌ಮೆಂಟುಗಳಲ್ಲಿ ಸಾಲಮಾಡಿ ಮನೆ ಕೊಂಡ ದಂಪತಿಗಳು ಬೇರೆಯಾಗುವಾಗ, ಕಂತು ಕಟ್ಟಿದವರಾರು, ಮುಂಗಡಕ್ಕೆ ಚಿನ್ನವನ್ನು ಅಡವಿಟ್ಟವರಾರು, ಸಂಬಳವಿಲ್ಲದೆ ಮಕ್ಕಳನ್ನು ಸಾಕಿದವರಾರು ಎಂಬುದಕ್ಕೆ ವಿವಾಹದ ಕಾಯಿದೆಯು ಸಿದ್ಧವಾದ ಉತ್ತರವನ್ನು ಕೊಡುವುದಿಲ್ಲ. ಮಧ್ಯಸ್ಥಿಕೆಯ ಕೊಠಡಿಯಲ್ಲಿ ಹಗ್ಗಜಗ್ಗಾಟವಾಗಿ, ಒಬ್ಬರು ಡಿಡಿ ಪಡೆದು ಮತ್ತೊಬ್ಬರ ಹೆಸರಿಗೆ ಹಕ್ಕು ಬಿಡುಗಡೆ ಪತ್ರವನ್ನು ಬರೆದುಕೊಡುತ್ತಾರೆ. ಬ್ಯಾಂಕು ಲಿಖಿತವಾಗಿ ಒಪ್ಪುವವರೆಗೆ ಸಾಲದ ಹೊಣೆಯು ಮಾತ್ರ ಇಬ್ಬರ ಮೇಲೆಯೂ ಉಳಿಯುತ್ತದೆ.