ಸಗರನಾಡಿನ ಕಾಲೇಜುಗಳು: ಓದು, ನೀರು ಮತ್ತು ಸಂಬಳ

ಸಗರನಾಡೆಂದು ಕರೆಯುವ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಕಾಲೇಜು ಬೇರೂರಿದ್ದು 1956ರ ಏಕೀಕರಣದ ನಂತರ. ಅದಕ್ಕೂ ಮೊದಲು ಈ ಸೀಮೆಯಲ್ಲಿ ಓದು ಇರಲೇ ಇಲ್ಲವೆಂದಲ್ಲ. ಮಠಗಳಲ್ಲಿ, ಗಾಂವಠಿ ಶಾಲೆಗಳಲ್ಲಿ ಅಕ್ಷರ ನಡೆದುಬಂದಿತ್ತು. ಸುರಪುರದ ಅರಸರ ಆಶ್ರಯದಲ್ಲಿ ಚಿಕಣಿ ಚಿತ್ರಕಲೆಯ ಒಂದು ಸಂಪ್ರದಾಯವೇ ಬೆಳೆದಿತ್ತು. ಇಲ್ಲದಿದ್ದುದು ಓದಿನಿಂದ ಬದುಕು ಕಟ್ಟಿಕೊಳ್ಳುವ ದಾರಿ. ಅದು ತೆರೆದುಕೊಂಡದ್ದು ಕಾಲೇಜುಗಳಿಂದ, ಅದೂ ತಡವಾಗಿ. ಆ ತಡದ ಬೆಲೆಯನ್ನು ಯಾದಗಿರಿ ಜಿಲ್ಲೆ ಇಂದಿಗೂ ತೆರುತ್ತಿದೆ.

ತಡವಾದುದಕ್ಕೆ ಕಾರಣ ರಾಜಕೀಯ ಇತಿಹಾಸದಲ್ಲಿದೆ. ಸುರಪುರ ಬೇಡ ನಾಯಕರ ಸಂಸ್ಥಾನದ ರಾಜಧಾನಿ. 1841ರಿಂದ 1853ರವರೆಗೆ ಮೆಡೋಸ್ ಟೇಲರ್ ಇಲ್ಲಿ ಬ್ರಿಟಿಷರ ಪರವಾಗಿ ಆಡಳಿತ ನೋಡಿಕೊಂಡ. ಅವನು ಕಟ್ಟಿಸಿಕೊಂಡ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ಗುಡ್ಡದ ಮೇಲೆ ಈಗಲೂ ಇದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೋತ. 1860ರಲ್ಲಿ ಸಂಸ್ಥಾನ ನಿಜಾಮರ ಪಾಲಾಯಿತು. ಅಲ್ಲಿಂದ 1948ರ ಪೊಲೀಸ್ ಕಾರ್ಯಾಚರಣೆಯವರೆಗೆ ಮೂರೂ ಊರುಗಳು ಹೈದರಾಬಾದ್ ರಾಜ್ಯದ ಅಂಚಿನ ತಾಲೂಕುಗಳಾಗಿ ಉಳಿದವು.

ನಿಜಾಮರ ಆಳ್ವಿಕೆಯಲ್ಲಿ ಕಚೇರಿ, ಕೋರ್ಟು, ಶಾಲೆ ಎಲ್ಲೆಲ್ಲೂ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ದೊಡ್ಡ ಪ್ರಯೋಗವೆಂಬುದು ನಿಜ. ಆದರೆ ಆ ಭಾಷೆ ಸಗರನಾಡಿನ ರೈತನ ಮನೆಯ ಭಾಷೆಯಾಗಿರಲಿಲ್ಲ. ಖಾಸಗಿ ಶಾಲೆ ತೆರೆಯಬೇಕೆಂದರೆ ಸರ್ಕಾರದ ಅನುಮತಿ ಬೇಕಿತ್ತು. ಗುಲಬರ್ಗಾದಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಸಂಸ್ಥೆಗಳು ಬೆರಳೆಣಿಕೆಯಷ್ಟೇ. ಕಾಲೇಜು ಓದಬೇಕೆಂದವರು ಗುಲಬರ್ಗಾದ ಇಂಟರ್‌ಮೀಡಿಯೆಟ್ ಮುಗಿಸಿ ಹೈದರಾಬಾದಿಗೆ ಹೋಗಬೇಕಿತ್ತು. ಯಾದಗಿರಿಗಾದರೂ 1871ರ ಹೊತ್ತಿಗೆ ರಾಯಚೂರು ಮುಟ್ಟಿದ ರೈಲುಮಾರ್ಗವಿತ್ತು. ಶಹಾಪುರ, ಸುರಪುರಗಳಿಗೆ ಅದೂ ಇಲ್ಲ. ಇಂದಿಗೂ ಆ ಎರಡು ಪಟ್ಟಣಗಳಿಗೆ ರೈಲು ಬಂದಿಲ್ಲ. ಹಾಗಾಗಿ ಓದು ಮುಂದುವರಿಸಿದವರು ಜಮೀನ್ದಾರರ, ವತನದಾರರ, ವ್ಯಾಪಾರಿಗಳ ಮನೆಯ ಗಂಡುಮಕ್ಕಳು. ಉಳಿದವರ ಪಾಲಿಗೆ ಜೋಳ, ತೊಗರಿ, ಹತ್ತಿಯ ಒಣಬೇಸಾಯ. ಮಳೆ ಕೈಕೊಟ್ಟ ವರ್ಷ ಗುಳೆ.

1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಾಲೇಜುಗಳ ಮೇಲುಸ್ತುವಾರಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬಂತು. ಎರಡೇ ವರ್ಷದಲ್ಲಿ, 1958ರಲ್ಲಿ, ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಗುಲಬರ್ಗಾದಲ್ಲಿ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು ಶುರುವಾದವು. ಈ ಸಂಸ್ಥೆ ಜಿಲ್ಲಾ ಕೇಂದ್ರಕ್ಕಷ್ಟೇ ನಿಲ್ಲದೆ ತಾಲೂಕುಗಳಿಗೂ ಕೈಚಾಚಿತು. ಸುರಪುರದ ಶ್ರೀ ಪ್ರಭು ಕಲಾ, ವಿಜ್ಞಾನ ಮತ್ತು ಜೆ.ಎಂ. ಬೋಹ್ರಾ ವಾಣಿಜ್ಯ ಮಹಾವಿದ್ಯಾಲಯ ಅದರ ಆಶ್ರಯದಲ್ಲಿ ಬೆಳೆದದ್ದು. ಶಹಾಪುರದಲ್ಲಿ ಚರಬಸವೇಶ್ವರರ ಹೆಸರಿನ ವಿದ್ಯಾಸಂಸ್ಥೆ, ಯಾದಗಿರಿಯಲ್ಲಿ ಸರ್ಕಾರಿ ಮತ್ತು ಖಾಸಗಿ ಕಾಲೇಜುಗಳು ಒಂದೊಂದಾಗಿ ನೆಲೆಯಾದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ವತಂತ್ರವಾದಾಗ ಪರೀಕ್ಷೆ, ಅಂಕಪಟ್ಟಿ, ಸ್ನಾತಕೋತ್ತರ ಓದು ಇವಕ್ಕಾಗಿ ಧಾರವಾಡದತ್ತ ನೋಡುವುದು ತಪ್ಪಿತು.

ತಾಲೂಕು ಪಟ್ಟಣದ ಕಲಾ ಕಾಲೇಜೊಂದು ಊರಿನ ಆರ್ಥಿಕತೆಗೆ ಏನು ಕೊಡಬಲ್ಲದು? ಮೊದಲ ಕೊಡುಗೆ ಸಂಬಳ. ಅನುದಾನಿತ ಕಾಲೇಜಿನ ಅಧ್ಯಾಪಕರಿಗೆ, ಗುಮಾಸ್ತರಿಗೆ, ಜವಾನರಿಗೆ ವೇತನ ಬರುವುದು ರಾಜ್ಯದ ಬೊಕ್ಕಸದಿಂದ. ಮಳೆ ಬರಲಿ ಬಿಡಲಿ ಆ ಹಣ ತಿಂಗಳ ಮೊದಲ ವಾರ ಪೇಟೆಗೆ ಇಳಿಯುತ್ತದೆ. ಸುಗ್ಗಿಯಲ್ಲಿ ಮಾತ್ರ ರೊಕ್ಕ ಕಾಣುತ್ತಿದ್ದ ಊರಿಗೆ ಇದು ಹೊಸ ಬಗೆಯ ಆದಾಯ. ವರ್ಷವಿಡೀ ಸಾಲ ಬರೆದುಕೊಂಡು ಹತ್ತಿ ಮಾರಾಟವಾಗುವತನಕ ಕಾಯುತ್ತಿದ್ದ ಕಿರಾಣಿ ಅಂಗಡಿಯವನಿಗೆ ತಿಂಗಳ ಲೆಕ್ಕದ ಗಿರಾಕಿ ಸಿಕ್ಕ. ಬಾಡಿಗೆ ಮನೆ, ಖಾನಾವಳಿ, ಬಟ್ಟೆ ಅಂಗಡಿ, ಪುಸ್ತಕದಂಗಡಿ, ಆಮೇಲೆ ಟೈಪಿಂಗ್ ಕ್ಲಾಸು, ಜೆರಾಕ್ಸ್, ಕಂಪ್ಯೂಟರ್ ಕೇಂದ್ರ ಇವೆಲ್ಲ ಕಾಲೇಜು ರಸ್ತೆಗಳಲ್ಲಿ ಹುಟ್ಟಿದವು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸುವ ಖಾನಾವಳಿಗಳಲ್ಲಿ ಹಲವನ್ನು ನಡೆಸಿದವರು ಹೆಂಗಸರು. ಅಲ್ಲಿ ರೊಟ್ಟಿ ಬಡಿಯುವುದು ಅವರಿಗೆ ಕೂಲಿಯ ಕೆಲಸವಾಯಿತು, ಕೆಲವರಿಗೆ ಸ್ವಂತ ವ್ಯಾಪಾರವೂ ಆಯಿತು. ಇಂಥ ದುಡಿಮೆ ಸರ್ಕಾರಿ ವರದಿಗಳಲ್ಲಿ ಕಾಣಿಸುವುದು ಕಡಿಮೆ, ಆದರೆ ಎಷ್ಟೋ ಮನೆಗಳು ನಿಂತಿರುವುದು ಇದರ ಮೇಲೆಯೇ.

ಎರಡನೆಯದು ದೂರ ಕಡಿಮೆಯಾದದ್ದು. ಸುರಪುರದಿಂದ ಕಲಬುರಗಿಗೆ, ಅಂದರೆ ಅಂದಿನ ಗುಲಬರ್ಗಾಕ್ಕೆ, ಸುಮಾರು 110 ಕಿಲೋಮೀಟರ್. ಅಲ್ಲಿ ಮಗನನ್ನು ಓದಿಸಬೇಕೆಂದರೆ ಕೋಣೆ, ಊಟ, ಬಸ್ಸು ಎಂದು ಖರ್ಚಿಗೆ ಎತ್ತು ಮಾರಬೇಕಾದ ಮನೆಗಳಿದ್ದವು. ಮಗಳನ್ನು ಕಳಿಸುವ ಮಾತೇ ಇರಲಿಲ್ಲ. ತಾಲೂಕು ಕೇಂದ್ರದಲ್ಲಿ ಕಾಲೇಜು ಬಂದ ಮೇಲೆ ಬುತ್ತಿ ಕಟ್ಟಿಕೊಂಡು, ಬಸ್ ಪಾಸು ಹಿಡಿದು, ಸಂಜೆಗೆ ಮನೆ ಸೇರುವುದು ಸಾಧ್ಯವಾಯಿತು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ಹೆಣ್ಣುಮಕ್ಕಳಲ್ಲಿ ಶೇ. 41ರ ಆಸುಪಾಸು. ರಾಜ್ಯದ ಸರಾಸರಿ ಆಗ ಶೇ. 75ನ್ನು ದಾಟಿತ್ತು. ಇಂಥ ಜಿಲ್ಲೆಯಲ್ಲಿ ಮಹಿಳಾ ಕಾಲೇಜು ಮತ್ತು ವಿದ್ಯಾರ್ಥಿನಿಯರ ವಸತಿ ನಿಲಯಗಳ ಮಹತ್ವ ಬೇರೆ ಯಾವ ಕಟ್ಟಡಕ್ಕಿಂತಲೂ ದೊಡ್ಡದು. ಪದವಿ ಮುಗಿಸಿದ ಹೆಣ್ಣುಮಗಳು ಶಿಕ್ಷಕಿಯಾಗಿ, ನರ್ಸ್ ಆಗಿ, ಸ್ವಸಹಾಯ ಸಂಘದ ಲೆಕ್ಕ ಬರೆಯುವವಳಾಗಿ ಮನೆಗೆ ದುಡಿಮೆ ತರುತ್ತಾಳೆ. ದುಡಿಮೆಗೆ ಹೋಗದಿದ್ದರೂ ಅವಳ ಮಕ್ಕಳು ಶಾಲೆ ಬಿಡುವುದು ಅಪರೂಪ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗ ಹಳ್ಳಿಯಿಂದ ಕಾಲೇಜಿಗೆ ಬರುವ ಖರ್ಚಿನ ಕೊನೆಯ ನೆವವೂ ಹೋಯಿತು.

ಈ ಸೀಮೆಯ ಕಾಲೇಜುಗಳ ಕಥೆಯಲ್ಲಿ ಬೇರೆಡೆ ಕಾಣದ ಒಂದು ಅಧ್ಯಾಯ ಶಹಾಪುರದ ಪಕ್ಕದ ಭೀಮರಾಯನಗುಡಿಯದು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ನಾರಾಯಣಪುರದ ಬಸವಸಾಗರ ಜಲಾಶಯದಿಂದ 1980ರ ದಶಕದಲ್ಲಿ ಎಡದಂಡೆ ಕಾಲುವೆಗೆ ನೀರು ಹರಿಯತೊಡಗಿತು. ಯೋಜನೆಯ ಮೊದಲ ಹಂತದ ಗುರಿಯೇ ಸುಮಾರು 4.25 ಲಕ್ಷ ಹೆಕ್ಟೇರ್. ಸುರಪುರ, ಶಹಾಪುರ ತಾಲೂಕುಗಳ ಎರೆಭೂಮಿ ಅದರ ಮುಖ್ಯ ಅಚ್ಚುಕಟ್ಟು. ಕಾಲುವೆ ಕಟ್ಟಲು ಬಂದ ಇಂಜಿನಿಯರುಗಳಿಗೆ, ಸಿಬ್ಬಂದಿಗೆ ಭೀಮರಾಯನಗುಡಿಯಲ್ಲಿ ವಸಾಹತು ಎದ್ದಿತು. ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿಯೂ ಅಲ್ಲಿಗೇ ಬಂತು. ಕೃಷಿ ಮಹಾವಿದ್ಯಾಲಯ ನೆಲೆಯಾದದ್ದು ಇದೇ ಊರಲ್ಲಿ. ಮೊದಲು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೆಳಗಿದ್ದ ಇದು 2008ರಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಅಂಗವಾಯಿತು.

ನೀರು ಬಂದಲ್ಲಿ ಸಂಪತ್ತಿನ ಜೊತೆ ಸಮಸ್ಯೆಯೂ ಬಂತು. ಯೋಜನೆ ರೂಪಿಸಿದವರು ಹೇಳಿದ್ದು ಲಘು ನೀರಾವರಿ ಬೆಳೆಗಳನ್ನು. ಕಾಲುವೆಯ ಮೇಲ್ಭಾಗದ ರೈತರು ಹಾಕಿದ್ದು ಭತ್ತ. ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡ ಕೃಷಿಕರು ಭತ್ತದ ಕಸುಬನ್ನು ಹರಡಿದರು. ಮೇಲಿನವರ ಗದ್ದೆಯಲ್ಲಿ ನೀರು ನಿಂತು ಎರೆಮಣ್ಣು ಜವುಳು, ಸವುಳಾಗತೊಡಗಿತು; ಕೊನೆಯಂಚಿನ ರೈತನ ಹೊಲಕ್ಕೆ ಕಾಲುವೆ ಮುಟ್ಟಿದರೂ ನೀರು ಮುಟ್ಟಲಿಲ್ಲ. ಇದಕ್ಕೆ ಬೇಕಾದುದು ನೀರು ಅಳೆದು ಬಳಸುವ ತಿಳಿವಳಿಕೆ, ಅದನ್ನು ಹೊಲದ ಬದುವಿನಲ್ಲಿ ನಿಂತು ಹೇಳಬಲ್ಲ ಜನ. ನಾಟಿಯಿಲ್ಲದೆ ನೇರ ಬಿತ್ತುವ ಕೂರಿಗೆ ಭತ್ತ, ನೆಟೆ ರೋಗ ತಡೆಯುವ ಟಿಎಸ್-3ಆರ್ ತೊಗರಿ, ಹತ್ತಿಯ ಕೀಟ ನಿರ್ವಹಣೆ ಇವೆಲ್ಲ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳಿಂದ ಹೊಲಕ್ಕೆ ಇಳಿದದ್ದು ಇಂಥ ಕಾಲೇಜುಗಳ ಮತ್ತು ಸುರಪುರ ತಾಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದ ಮೂಲಕ.

ಕೃಷಿ ಪದವಿಯ ಅಂತಿಮ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ವಾಸವಿದ್ದು ಗ್ರಾಮೀಣ ಕೃಷಿ ಕಾರ್ಯಾನುಭವ ಪಡೆಯಬೇಕು. ಹನುಮಂತ ದೇವರ ಗುಡಿಯ ಮುಂದಿನ ಬಯಲು ಗುಡಿಸಿ, ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುವುದು ಅದರ ಒಂದು ಭಾಗ. ಬಿಳಿ ಗೆರೆಯಲ್ಲಿ ಓಣಿಗಳು, ನೀಲಿಯಲ್ಲಿ ಹಳ್ಳ ಮತ್ತು ವಿತರಣಾ ಕಾಲುವೆ, ಹಸಿರಿನಲ್ಲಿ ಹೊಲಗಳು. ಸುತ್ತ ನಿಂತ ರೈತರು ತಿದ್ದುತ್ತಾರೆ: ಈ ಬಾವಿ ಬತ್ತಿದೆ, ಆ ತೂಬು ಮುಚ್ಚಿದೆ, ಈ ಮೂಲೆಯಲ್ಲಿ ಉಪ್ಪು ಎದ್ದಿದೆ. ನಕ್ಷೆ ಮುಗಿಯುವ ಹೊತ್ತಿಗೆ ಊರಿನ ನೀರಿನ ಲೆಕ್ಕ ಎಲ್ಲರ ಕಣ್ಣಮುಂದೆ ಇರುತ್ತದೆ. ಕಲಿಕೆ ಎರಡೂ ಕಡೆಗೆ ನಡೆಯುವ ಈ ಕ್ರಮ ಕಾಲೇಜಿನ ಗೋಡೆಯೊಳಗಿನ ಯಾವ ಪಾಠಕ್ಕೂ ಕಡಿಮೆಯದಲ್ಲ. ಹೀಗೆ ಓದಿದವರಲ್ಲಿ ಕೆಲವರು ಕೃಷಿ ಇಲಾಖೆ, ರೈತ ಸಂಪರ್ಕ ಕೇಂದ್ರ ಸೇರಿದರೆ, ಕೆಲವರು ಬ್ಯಾಂಕುಗಳಿಗೆ, ಬೀಜ–ಗೊಬ್ಬರದ ವ್ಯಾಪಾರಕ್ಕೆ ಹೋಗುತ್ತಾರೆ.

ಕಾಲುವೆಯಿಂದ ಹುಟ್ಟಿದ ವ್ಯಾಪಾರಕ್ಕೆ ಕಾಲೇಜುಗಳು ಲೆಕ್ಕಪತ್ರದ ಕೈಗಳನ್ನು ಒದಗಿಸಿದವು. ಹತ್ತಿ ಜಿನ್ನಿಂಗ್, ಅಕ್ಕಿ ಗಿರಣಿ, ಅಡತಿ ಅಂಗಡಿ, ಸಹಕಾರಿ ಬ್ಯಾಂಕುಗಳಿಗೆ ವಾಣಿಜ್ಯ ಪದವೀಧರರು ಬೇಕಾದರು. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾದಾಗ ಹೊಸ ಕಚೇರಿಗಳು ತೆರೆದು ಈ ಬೇಡಿಕೆ ಮತ್ತಷ್ಟು ಏರಿತು. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿ ಇನ್ನೂ ದೊಡ್ಡ ತಿರುವು. ಇದರಡಿ ಹೈದರಾಬಾದ್ ಕರ್ನಾಟಕ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು, ರಾಜ್ಯದ ಉಳಿದೆಡೆ ಶೇ. 8 ಸೀಟು ಸ್ಥಳೀಯರಿಗೆ ಮೀಸಲಾದವು. ಸರ್ಕಾರಿ ಹುದ್ದೆಗಳಲ್ಲೂ ಸ್ಥಳೀಯ ವೃಂದಗಳಾದವು. ಆದರೆ ಮೀಸಲು ಹುದ್ದೆಯನ್ನು ಪಡೆಯಲು ಪದವಿ ಬೇಕು. ಊರಲ್ಲಿ ಕಾಲೇಜು ಇಲ್ಲದಿದ್ದರೆ ಆ ವಿಧಿಯ ಫಲ ಕಲಬುರಗಿ, ಬಳ್ಳಾರಿಯ ಪೇಟೆ ಮಕ್ಕಳಿಗಷ್ಟೇ ದಕ್ಕುತ್ತಿತ್ತು.

ಕೊರತೆಗಳನ್ನೂ ಹೇಳಲೇಬೇಕು. 2002ರ ನಂಜುಂಡಪ್ಪ ಸಮಿತಿಯ ವರದಿ ಮೂರೂ ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಇದ್ದವು ಎರಡೇ: ರಾಯಚೂರು ಮತ್ತು ಯಾದಗಿರಿ. ಕಾಲೇಜುಗಳಲ್ಲಿ ಬಹುಪಾಲು ಪಾಠ ನಡೆಯುವುದು ಅತಿಥಿ ಉಪನ್ಯಾಸಕರಿಂದ. ಅವರ ಗೌರವಧನ ಸಣ್ಣದು, ಕೆಲಸದ ಭರವಸೆ ಅದಕ್ಕಿಂತ ಸಣ್ಣದು. ಕಲಾ ವಿಭಾಗಗಳು ತುಂಬುತ್ತವೆ, ವಿಜ್ಞಾನಕ್ಕೆ ಪ್ರಯೋಗಾಲಯ ಸಾಲದು. ಸುರಪುರದ ಹಸನಾಪುರದಲ್ಲಿ ವೀರಪ್ಪ ನಿಷ್ಠಿ ಇಂಜಿನಿಯರಿಂಗ್ ಕಾಲೇಜು ಇದೆ. ಆದರೆ ಇಂಜಿನಿಯರಿಂಗ್ ಓದಿದವರನ್ನು ಉಳಿಸಿಕೊಳ್ಳುವಷ್ಟು ಕೈಗಾರಿಕೆ ಜಿಲ್ಲೆಯಲ್ಲಿ ಇನ್ನೂ ಬೆಳೆದಿಲ್ಲ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶ ಈಚಿನದು. ಹಾಗಾಗಿ ಪದವೀಧರರು ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋಗುತ್ತಾರೆ. ಇದನ್ನೂ ಗುಳೆಯೆಂದು ಕರೆಯುವವರಿದ್ದಾರೆ. ಕಟ್ಟಡದ ಕೂಲಿಗೆ ಸಂಸಾರ ಸಮೇತ ಹೋಗುವ ಗುಳೆಗೂ ಸಂಬಳದ ಕೆಲಸಕ್ಕೆ ಹೋಗಿ ಮನೆಗೆ ಹಣ ಕಳಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಮಕ್ಕಳ ಶಾಲೆ ಬಿಡಿಸುತ್ತದೆ, ಎರಡನೆಯದು ತಮ್ಮ–ತಂಗಿಯರ ಫೀಸು ಕಟ್ಟುತ್ತದೆ.

ಈಚಿನ ಎರಡು ಬೆಳವಣಿಗೆಗಳು ಈ ಇತಿಹಾಸಕ್ಕೆ ಸೇರುತ್ತವೆ. 2021ರಲ್ಲಿ ಆರಂಭವಾದ ರಾಯಚೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ರಾಯಚೂರು, ಯಾದಗಿರಿ ಜಿಲ್ಲೆಗಳ ಕಾಲೇಜುಗಳು ಬಂದವು. ಈಗ ಅದಕ್ಕೆ ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿಯವರ ಹೆಸರಿದೆ. ಇನ್ನೊಂದು, ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ವೆಚ್ಚ ಹಂಚಿಕೊಳ್ಳುವ ಯೋಜನೆಯಲ್ಲಿ ಜಿಲ್ಲಾಸ್ಪತ್ರೆಗೆ ಹೊಂದಿಕೊಂಡು ಮಂಜೂರಾದ ಈ ಕಾಲೇಜಿನಲ್ಲಿ 2022–23ರಿಂದ 150 ವಿದ್ಯಾರ್ಥಿಗಳ ಪ್ರವೇಶ ಶುರುವಾಯಿತು. ಕಲಬುರಗಿ, ರಾಯಚೂರಿಗೆ ರೋಗಿಯನ್ನು ಹೊತ್ತೊಯ್ಯುವ ಖರ್ಚಿಗೆ ಹೊಲ ಅಡವಿಟ್ಟ ಕುಟುಂಬಗಳು ಈ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿವೆ. ತಜ್ಞ ವೈದ್ಯರು ಜಿಲ್ಲಾ ಕೇಂದ್ರದಲ್ಲೇ ನೆಲೆಸಿದಷ್ಟೂ ಆ ಸಾಲ ತಗ್ಗುತ್ತದೆ; ಪ್ರಯೋಗಾಲಯ, ಔಷಧದಂಗಡಿ, ನರ್ಸಿಂಗ್ ಶಾಲೆಗಳ ಕೆಲಸ ಯಾದಗಿರಿಯಲ್ಲೇ ಹುಟ್ಟುತ್ತದೆ.