ಕಲ್ನಾರಿನ ಹಗ್ಗ, ಹಸಿ ಬಟ್ಟೆ ಮತ್ತು ಅಂಬಾಸಿಡರ್ ಕಾರು

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 150ಎ. ಸುಮಾರು 55 ಕಿಲೋಮೀಟರ್ ದಾರಿ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು ಹೇಗಿರುತ್ತದೆ ಅಂತ ನಮ್ಮ ರಾಯಚೂರು ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. 42 ಡಿಗ್ರಿ ಅಂದರೆ ನಮಗೆ ಅದು ಸುದ್ದಿಯೇ ಅಲ್ಲ!

ಹಳೆ ಕಾರಿನ ಹುಚ್ಚಿರುವ ಗೆಳೆಯರು ಈಚೆಗೆ ಒಂದು ಪ್ರಶ್ನೆ ಕೇಳುತ್ತಿರುತ್ತಾರೆ. ಅಂಬಾಸಿಡರ್‌ನ ಸೈಲೆನ್ಸರ್ ಪೈಪಿಗೆ ಹೀಟ್ ರ‍್ಯಾಪ್ ಸುತ್ತಬಹುದಾ? ಇಂಜಿನ್ನಿನ ಬಾಯಿಂದ ಹೊರಬರುವ ಬೆಂಕಿಯಂಥ ಹೊಗೆ ಪೈಪಿನೊಳಗೇ ಬಿಸಿಯಾಗಿ ಉಳಿಯಲಿ, ಬಾನೆಟ್ ಒಳಗೆ ಕಾವು ಹರಡದಿರಲಿ ಅಂತ ಸುತ್ತುವ ನೇಯ್ದ ಪಟ್ಟಿ ಅದು. ಇದು ಹೊಸ ಸಂಗತಿ ಅಂತ ಅನೇಕರು ತಿಳಿದಿದ್ದಾರೆ. ಹೊಸದು ಪಟ್ಟಿ ಮಾತ್ರ, ಸುತ್ತುವ ಚಟ ಹಳೆಯದು. ಆ ಕಥೆ ಸ್ವಲ್ಪ ಹೇಳುತ್ತೇನೆ.

ಮೊದಲು ಕಾರಿನ ಜಾತಕ ನೋಡೋಣ. ಹಿಂದೂಸ್ತಾನ್ ಮೋಟಾರ್ಸ್‌ನವರು ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ ಅಂಬಾಸಿಡರ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರಿನದೇ ಅಚ್ಚು. 1959ರಿಂದ ಅದಕ್ಕೆ 1489 ಸಿಸಿಯ ಬಿ.ಎಂ.ಸಿ. ಬಿ-ಸೀರೀಸ್ ಇಂಜಿನ್ ಬಂತು. ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಈ ಇಂಜಿನ್ನಿನಲ್ಲಿ ಪೆಟ್ರೋಲ್-ಗಾಳಿ ಒಳಗೆ ಹೋಗುವ ದಾರಿಯೂ ಹೊಗೆ ಹೊರಗೆ ಬರುವ ದಾರಿಯೂ ಒಂದೇ ಮಗ್ಗುಲಿಗೆ. ಕಾರ್ಬುರೇಟರಿಗೆ ಪಕ್ಕದಲ್ಲೇ ಒಲೆ! ಚಳಿಯ ದೇಶದಲ್ಲಿ ಇದು ಒಳ್ಳೆಯದೇ, ಪೆಟ್ರೋಲ್ ಬೇಗ ಆವಿಯಾಗಿ ಇಂಜಿನ್ ಸಲೀಸಾಗಿ ಓಡುತ್ತದೆ. ಮಸ್ಕಿಯ ಮೇ ತಿಂಗಳಲ್ಲಿ ಮಾತ್ರ ಅದೇ ಗುಣ ಶಾಪ.

ಯಾಕೆಂದರೆ ಪೆಟ್ರೋಲಿಗೆ ನೀರಿನ ಹಾಗೆ ಒಂದೇ ಕುದಿಬಿಂದು ಇಲ್ಲ. ಅದರಲ್ಲಿರುವ ಹಗುರ ಅಂಶಗಳು 40 ಡಿಗ್ರಿಗೂ ಮೊದಲೇ ಆವಿಯಾಗಲು ಶುರು ಮಾಡುತ್ತವೆ. ಪಂಪು ಎಳೆಯುವಾಗ ಒತ್ತಡ ಇಳಿಯುವುದರಿಂದ ಇನ್ನೂ ಬೇಗ. ಪೈಪಿನಲ್ಲಿ ಆವಿ ಕೂತರೆ ಪಂಪು ಎಷ್ಟು ಒದ್ದಾಡಿದರೂ ಪೆಟ್ರೋಲ್ ಮುಂದೆ ಹೋಗುವುದಿಲ್ಲ. ಇದೇ ವೇಪರ್ ಲಾಕ್. ಕಾರು ನಡುದಾರಿಯಲ್ಲಿ ಕೆಮ್ಮಿ, ಬಿಕ್ಕಿ, ಸುಮ್ಮನಾಗುತ್ತದೆ.

ಇದಕ್ಕೆ ಡ್ರೈವರುಗಳು ಕಂಡುಕೊಂಡ ಮದ್ದು ಹಸಿ ಬಟ್ಟೆ. ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಒಂದು ಬೀಡಿ ಸೇದುವಷ್ಟು ಹೊತ್ತು ಮರದ ನೆರಳಲ್ಲಿ ಕೂತರೆ ಕಾರು ಮತ್ತೆ ಹೊರಡುತ್ತಿತ್ತು (ಬೀಡಿ ಮಾತ್ರ ಬಾನೆಟ್ಟಿನಿಂದ ದೂರ!). ಮಣ್ಣಿನ ಮಡಕೆಯಲ್ಲಿ ನೀರು ತಂಪಾಗುವ ಲೆಕ್ಕವೇ ಇದು. ನೀರು ಆರುವಾಗ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ಒಣ ಗಾಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಅಷ್ಟು ನಡೆಯದು. ಬಿಸಿಲನ್ನು ಬೈಯುವ ನಾವು, ಅದೇ ಬಿಸಿಲು ಬಟ್ಟೆ ಆರಿಸಿ ಕಾರನ್ನು ಕಾಪಾಡುತ್ತಿತ್ತು ಅನ್ನುವುದನ್ನೂ ನೆನೆಯಬೇಕು.

ಎರಡನೆಯ ಮದ್ದು ಕಲ್ನಾರು. ಈ ಪದ ನನಗೆ ಬಹಳ ಇಷ್ಟ. ಕಲ್ಲಿನ ನಾರು! ಆಸ್ಬೆಸ್ಟಾಸ್ ಅಂದರೆ ಏನು ಅಂತ ಎರಡೇ ಅಕ್ಷರ ಹೆಚ್ಚಿಲ್ಲದೆ ಹೇಳಿಬಿಡುತ್ತದೆ. ಸುಡದ ಈ ನಾರನ್ನು ಹತ್ತೊಂಬತ್ತನೇ ಶತಮಾನದಲ್ಲಿ ಉಗಿಯಂತ್ರದ ಬಾಯ್ಲರುಗಳಿಗೆ ಸುತ್ತಿದರು, ಆಮೇಲೆ ಮೋಟಾರುಗಳಿಗೂ ಅದೇ ಬಂತು. ನಮಗೆ ದೂರದ್ದೂ ಅಲ್ಲ. ಆಂಧ್ರದ ಕಡಪ ಜಿಲ್ಲೆಯ ಪುಲಿವೆಂದಲದಲ್ಲಿ ಇದರ ಗಣಿಗಳಿದ್ದವು, ನಮ್ಮ ಹಾಸನದ ಹೊಳೆನರಸೀಪುರದ ಕಡೆಯೂ ನಿಕ್ಷೇಪಗಳಿವೆ. ಸೈಲೆನ್ಸರ್ ಜಾಯಿಂಟಿಗೆ ಕಲ್ನಾರಿನ ಹಗ್ಗ, ಮ್ಯಾನಿಫೋಲ್ಡಿಗೆ ಕಲ್ನಾರಿನ ಗ್ಯಾಸ್ಕೆಟ್, ಬ್ರೇಕ್ ಲೈನರಿನಲ್ಲೂ ಕಲ್ನಾರು. ನಾನು ಹುಡುಗನಾಗಿದ್ದಾಗ ಕಂಡ ಮಿಸ್ತ್ರಿಯೊಬ್ಬರು ಆ ಬಿಳಿ ಹಗ್ಗವನ್ನು ಅಳತೆಗೆ ಹಿಡಿದು, ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದರು. ಕತ್ತರಿ ಹುಡುಕಲು ಯಾರಿಗೆ ಪುರಸೊತ್ತು?

ಆ ಧೂಳು ಏನು ಮಾಡುತ್ತದೆ ಅನ್ನುವುದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಶ್ವಾಸಕೋಶದಲ್ಲಿ ಕೂತು, ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೂ ಕ್ಯಾನ್ಸರ್ ತರಬಲ್ಲವು. 1986ರಲ್ಲಿ ಭಾರತ ಸರ್ಕಾರ ಹೊಸ ಕಲ್ನಾರು ಗಣಿಗಳಿಗೆ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು. 1995ರಲ್ಲಿ ಸುಪ್ರೀಂ ಕೋರ್ಟು, ಕಲ್ನಾರು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ ಇಡಬೇಕು ಅಂತ ಆದೇಶಿಸಿತು. ಒಳ್ಳೆಯ ತೀರ್ಪು. ಆದರೆ ರಸ್ತೆ ಬದಿಯ ಗ್ಯಾರೇಜಿನ ಹುಡುಗನಿಗೆ ಹಾಜರಿ ಪುಸ್ತಕವೇ ಇರುವುದಿಲ್ಲ, ಇನ್ನು 40 ವರ್ಷದ ದಾಖಲೆ ಎಲ್ಲಿಂದ ಬರಬೇಕು?

ಮೂರನೆಯದು ಇವತ್ತಿನ ಹೀಟ್ ರ‍್ಯಾಪ್. ಗಾಜಿನ ನಾರು, ಇಲ್ಲವೇ ಕರಗಿಸಿ ಎಳೆದ ಬಸಾಲ್ಟ್ ಕಲ್ಲಿನ ನಾರು. ಕೃಷ್ಣೆ ದಾಟಿ ವಿಜಯಪುರದ ಕಡೆ ಹೋದರೆ ನೆಲದ ತುಂಬ ಇರುವ ಕಪ್ಪು ಕಲ್ಲು, 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ, ಅದೂ ಬಸಾಲ್ಟೇ. ಅಂದರೆ ಇದೂ ಒಂದು ಅರ್ಥದಲ್ಲಿ ಕಲ್ನಾರೇ, ಆದರೆ ಆ ಕೆಟ್ಟ ಕಲ್ನಾರಲ್ಲ.

ಇದಕ್ಕೂ ಒಂದು ಬೆಲೆ ಇದೆ. ಅದನ್ನು ತಿಳಿಯಲು ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಹೋಗಬೇಕು. ಹಟ್ಟಿಯ ಚಿನ್ನದ ಗಣಿಯಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದಿನವರು ಸಿಡಿಮದ್ದಿಲ್ಲದೆ ಬಂಡೆ ಒಡೆದದ್ದು ಬೆಂಕಿಯಿಂದ. ಬಂಡೆಗೆ ಕಟ್ಟಿಗೆ ಒಟ್ಟಿ ಕಾಯಿಸುವುದು, ಕಾದ ಬಂಡೆಗೆ ನೀರೆರಚುವುದು. ಬಂಡೆ ತಾನಾಗಿ ಬಿರಿಯುತ್ತದೆ. ಆ ಬೆಂಕಿಯ ಇದ್ದಿಲು ಇಂದಿನವರಿಗೆ ಸಿಕ್ಕಿ ಕಾಲವನ್ನೂ ಹೇಳಿತು. ಚಿನ್ನದ ಜಾಡು ಹಿಡಿದು ಈ ಸೀಮೆಯಲ್ಲಿ ಓಡಾಡುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರೇ 1915ರಲ್ಲಿ ಮಸ್ಕಿಯ ಶಾಸನವನ್ನು ಕಂಡದ್ದು. ಅಶೋಕ ಅನ್ನುವ ಹೆಸರು ಸ್ಪಷ್ಟವಾಗಿ ಸಿಕ್ಕ ಮೊದಲ ಶಾಸನ ಅದು.

ಬಂಡೆಗೆ ಆದದ್ದೇ ಬೀಡು ಕಬ್ಬಿಣಕ್ಕೂ ಆಗುತ್ತದೆ. ಅಂಬಾಸಿಡರ್‌ನ ಮ್ಯಾನಿಫೋಲ್ಡ್ ಬೀಡಿನದು. ಅದಕ್ಕೆ ಪಟ್ಟಿ ಸುತ್ತಿದರೆ ಹೊರಗೆ ಹೋಗದ ಶಾಖ ಕಬ್ಬಿಣದಲ್ಲೇ ಉಳಿಯುತ್ತದೆ. ಮೇಲಿಂದ ಮೇಲೆ ಅತಿಯಾಗಿ ಕಾದು ತಣಿದರೆ ಬಿರುಕು ಬಿಡಬಹುದು. ಕೆಳಗಿನ ಪೈಪಿಗೆ ಬೇರೆ ಅಪಾಯ. ಮಳೆ ನೀರು, ಸಿಂಧನೂರಿನ ಗದ್ದೆ ಬಯಲಿನ ಕೆಸರು ಪಟ್ಟಿಯಲ್ಲಿ ಇಂಗಿ ಕೂತರೆ ಒಳಗೊಳಗೇ ತುಕ್ಕು. ಮೇಲಿನಿಂದ ಚೆಂದ, ಬಿಚ್ಚಿದರೆ ಜರಡಿ!

ಹಸಿ ಬಟ್ಟೆ ಶಾಖವನ್ನು ಗಾಳಿಗೆ ಕೊಟ್ಟಿತು. ಕಲ್ನಾರು ಅದನ್ನು ಪೈಪಿನೊಳಗೆ ತಡೆದು, ಬೆಲೆಯನ್ನು ಮಿಸ್ತ್ರಿಯ ಎದೆಗೆ ಹಾಕಿತು. ಹೊಸ ಪಟ್ಟಿ ಅದನ್ನು ಕಬ್ಬಿಣಕ್ಕೆ ಹಾಕುತ್ತದೆ. ಕಬ್ಬಿಣ ಹೋದರೆ ಇನ್ನೊಂದು ತರಬಹುದು, ಅಷ್ಟರ ಮಟ್ಟಿಗೆ ನಾವು ಮುಂದೆ ಬಂದಿದ್ದೇವೆ.

ಆದ್ದರಿಂದ ಗೆಳೆಯರಿಗೆ ನನ್ನ ಉತ್ತರ ಇಷ್ಟು. ಬೀಡಿನ ಮ್ಯಾನಿಫೋಲ್ಡಿಗೆ ಪಟ್ಟಿ ಬೇಡ. ಕಾರ್ಬುರೇಟರಿನ ಕೆಳಗೆ ಒಂದು ತಗಡಿನ ಮರೆ ಕೊಡಿಸಿ, ಪೆಟ್ರೋಲ್ ಪೈಪನ್ನು ಶಾಖದಿಂದ ದೂರ ಸರಿಸಿ. ಕೆಳಗಿನ ಪೈಪಿಗೆ ಸುತ್ತಲೇಬೇಕು ಅಂತಿದ್ದರೆ ಸುತ್ತಿ, ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಹಳೆ ಕಾರಿನಲ್ಲಿ ಹಳೆಯ ಬಿಳಿ ಅಥವಾ ಬೂದು ಹಗ್ಗ ಸಿಕ್ಕರೆ ಅದು ಕಲ್ನಾರು ಅಂತಲೇ ತಿಳಿಯಿರಿ. ಒಣಗಿದ್ದಾಗ ಕೆರೆಯಬೇಡಿ, ಗಾಳಿ ಹೊಡೆದು ಊದಬೇಡಿ. ಪೂರ್ತಿ ನೆನೆಸಿ, ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿ, ತೆಗೆದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಗ್ಯಾರೇಜಿನಲ್ಲಿ ಆ ಕೆಲಸಕ್ಕೆ ಚಿಕ್ಕ ಹುಡುಗನನ್ನು ಕೂರಿಸಿದ್ದರೆ, ದಯವಿಟ್ಟು ಎಬ್ಬಿಸಿ.