ಕ್ಯಾನ್ ಎಂದರೆ ಬಲ್ಲೆ

ನಮ್ಮ ಕಡೆಯ ಶಾಲೆಗಳಲ್ಲಿ ಮಕ್ಕಳು ಬಾಯಿಪಾಠ ಮಾಡುವ ಮೊದಲ ಇಂಗ್ಲಿಷ್ ವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಹೇಳಿಬಿಡುತ್ತೇನೆ: 'ಮೇ ಐ ಕಮಿನ್ ಮಿಸ್?' ಅದರಲ್ಲಿ ನಾಲ್ಕೈದು ಪದಗಳಿವೆಯೆಂದು ಮಗುವಿಗೆ ಗೊತ್ತಿರುವುದಿಲ್ಲ. ಬಾಗಿಲ ಬಳಿ ನಿಂತು ಹೇಳುವ ಒಂದು ಉದ್ದನೆಯ ಶಬ್ದ, ಅಷ್ಟೆ. ಯಾರಾದರೂ ತಪ್ಪಿ 'ಕ್ಯಾನ್ ಐ' ಎಂದರೆ ತಿದ್ದುವುದು ನಮ್ಮ ಕೆಲಸ. ಕ್ಯಾನ್ ಎಂದರೆ ಸಾಮರ್ಥ್ಯ, ಮೇ ಎಂದರೆ ಅನುಮತಿ. ಬಿ.ಎಡ್. ಮಾಡುವಾಗ ಕಲಿತದ್ದನ್ನೇ ನಾನೂ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದೆ.

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಸಂಜೆ ನೋಟ್‌ಬುಕ್ಕುಗಳ ಹೊರೆ ಹೊತ್ತು ಸ್ಟಾಫ್ ರೂಮಿಗೆ ಹೋಗುತ್ತಿದ್ದವಳನ್ನು ಒಬ್ಬ ಹುಡುಗಿ ತಡೆದಳು. ಮಾತು ಕಡಿಮೆ, ಓದಿನಲ್ಲಿ ಚುರುಕು. ಬಹಳ ಹೊತ್ತು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳೋ ಏನೋ, ಇಂಗ್ಲಿಷಿನಲ್ಲೇ ಕೇಳಿದಳು: 'ಮಿಸ್, ಕ್ಯಾನ್ ಐ ಗೋ ಟು ಕಾಲೇಜ್?' ನಾನು ನಿಂತಲ್ಲೇ, 'ಕ್ಯಾನ್ ಅಲ್ಲಮ್ಮ, ಮೇ' ಎಂದೆ. ಅವಳು ತಿದ್ದಿಕೊಂಡು ಹೇಳಿ, 'ಥ್ಯಾಂಕ್ಯೂ ಮಿಸ್' ಎಂದು ಹೊರಟುಹೋದಳು. ಫಲಿತಾಂಶ ಬಂದಾಗ ಪ್ರಥಮ ದರ್ಜೆ. ಅಂಕಪಟ್ಟಿ ಒಯ್ಯಲು ಮಾತ್ರ ಅವಳ ಅಣ್ಣ ಬಂದಿದ್ದ. 'ಮನೆಯಲ್ಲಿ ಕಾಲೇಜು ಬೇಡ ಅಂದ್ರು ಟೀಚರ್' ಎಂದ.

ನಾನು ತಿದ್ದಿದ್ದು ವ್ಯಾಕರಣದ ಪ್ರಕಾರ ಸರಿಯೋ ತಪ್ಪೋ ಎಂಬ ಕೊರೆತ ಆಗ ಶುರುವಾದದ್ದು. ರಜೆಯಲ್ಲಿ ದೊಡ್ಡ ನಿಘಂಟುಗಳನ್ನು ಹರವಿಕೊಂಡು ಕುಳಿತೆ. ಪದಗಳಿಗೂ ತವರುಮನೆ ಇರುತ್ತದೆಂದು ಅಲ್ಲಿ ತಿಳಿಯಿತು.

ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಕ್ಯಾನ್ ಪದದ ಮೂಲರೂಪ 'ಕುನ್ನನ್'. ಅದರ ಅರ್ಥ ತಿಳಿಯುವುದು, ಅರಿಯುವುದು. ಜಾಣತನದ ಹೆಸರಾಗಿದ್ದು ಈಗ ಕುಯುಕ್ತಿಯ ಹೆಸರಾಗಿರುವ 'ಕನ್ನಿಂಗ್' ಅದೇ ಮನೆತನದ್ದು. ಒರಟ ಎಂಬ ಅರ್ಥದ 'ಅನ್‌ಕೂತ್' ಮೊದಲು 'ಅರಿಯದ' ಎಂದಷ್ಟೇ ಇತ್ತು. ಈಜುವುದು ಹೇಗೆಂದು ತಿಳಿದವಳು ಈಜಬಲ್ಲಳು. ಹೀಗೆ ಅರಿವಿನ ಪದ ಸಾಮರ್ಥ್ಯದ ಪದವಾಯಿತು. ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ 'ಬಲ್ಲ'. 'ಅವಳು ಕನ್ನಡ ಬಲ್ಲಳು' ಎಂದರೆ ಅರಿವು, 'ಅವಳು ಹಾಡಬಲ್ಲಳು' ಎಂದರೆ ಸಾಮರ್ಥ್ಯ. ನೆಂಟಸ್ತನವೇ ಇಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿದ್ದವು. 'ಹೀ ಕ್ಯಾನ್' ಎನ್ನುವಾಗ ಕೊನೆಯಲ್ಲಿ ಎಸ್ ಏಕಿಲ್ಲ ಎಂದು ಮಕ್ಕಳು ಕೇಳಿದರೆ 'ಅದು ಹಾಗೇ' ಎಂದು ಬಾಯಿ ಮುಚ್ಚಿಸುತ್ತಿದ್ದೆನಲ್ಲ, ಅದಕ್ಕೂ ಕಾರಣ ಸಿಕ್ಕಿತು. ಕ್ಯಾನ್, ಮೇ, ಶಲ್ ಇವೆಲ್ಲ ಬಹು ಪ್ರಾಚೀನ ಕಾಲದಲ್ಲಿ ಭೂತಕಾಲದ ರೂಪಗಳೇ ಆಗಿದ್ದವು. 'ಕಲಿತೆ, ಆದ್ದರಿಂದ ಈಗ ಬಲ್ಲೆ' ಎಂಬಂತೆ.

ಮೇ ಪದದ ಕಥೆ ಬೇರೆ. ಅದರ ಮೂಲ 'ಮಗನ್', ಅರ್ಥ ಬಲವುಳ್ಳವನಾಗಿರು. ಬಲವನ್ನು ಹೇಳುವ 'ಮೈಟ್' ಎಂಬ ನಾಮಪದ, 'ಮೈಟಿ' ಎಂಬ ವಿಶೇಷಣ ಅದರ ಒಡಹುಟ್ಟುಗಳು. ಬಲವಿದ್ದವನಿಗೆ ಅಡ್ಡಿಯಿಲ್ಲ. ಅಡ್ಡಿಯಿಲ್ಲದ ಕೆಲಸ ನಡೆದೀತು. ಹೀಗೆ ಬಲದ ಪದ ಅನುಮತಿಗೂ ಸಾಧ್ಯತೆಗೂ ನಿಂತಿತು. ಮಳೆ ಬರಬಹುದು ಎನ್ನುವಾಗಲೂ, ನೀನು ಹೋಗಬಹುದು ಎನ್ನುವಾಗಲೂ ನಾವು ಒಂದೇ 'ಬಹುದು' ಬಳಸುವುದಿಲ್ಲವೇ, ಹಾಗೆ.

ಅದಕ್ಕೆ ಮೊದಲು ಅನುಮತಿಗೆಂದೇ 'ಮೋಟನ್' ಎಂಬ ಕ್ರಿಯಾಪದವಿತ್ತು. ಅದರ ಭೂತರೂಪವೇ ಇಂದಿನ 'ಮಸ್ಟ್'! ಮಾಡಬಹುದು ಎಂದಿದ್ದದ್ದು ಮಾಡಲೇಬೇಕು ಎಂದಾಯಿತು. ನನಗಂತೂ ಆಶ್ಚರ್ಯವಾಗಲಿಲ್ಲ. 'ನಿನಗೆ ಬೇಕಿದ್ದರೆ ನಾಳೆ ಬೇಗ ಏಳಬಹುದಮ್ಮ' ಎಂದು ಅತ್ತೆಯವರು ಹೇಳಿದರೆ ಅದರ ಅರ್ಥವೇನೆಂದು ಯಾವ ಸೊಸೆಗೆ ಗೊತ್ತಿಲ್ಲ?

ಇನ್ನು ಕುಡ್ ಪದದಲ್ಲಿ ಉಚ್ಚಾರವಿಲ್ಲದ ಎಲ್ ಅಕ್ಷರ. ಹಿಂದೆ ಅದು ಇರಲೇ ಇಲ್ಲ. ಪಕ್ಕದ ವುಡ್, ಶುಡ್ ಪದಗಳಲ್ಲಿ ಇದೆಯೆಂದು ಐನೂರು ವರ್ಷಗಳ ಹಿಂದೆ ಇದಕ್ಕೂ ಸೇರಿಸಿಕೊಂಡರು. ನೆರೆಮನೆಯವರು ಕಟ್ಟಿದರೆಂದು ನಾವೂ ತೋರಣ ಕಟ್ಟುವ ಹಾಗೆ. ಎಷ್ಟು ಮಕ್ಕಳ ಅರ್ಧ ಅಂಕ ಆ ಎಲ್‌ಗಾಗಿ ಕಳೆದಿದ್ದೇನೋ!

ವಿಶೇಷಣಗಳ ವಂಶವೂ ಸ್ವಾರಸ್ಯದ್ದೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮಾತು ಅಲ್ಲಿ ದೊರೆಗಳ ಮಾತಾಯಿತು. ಪಾಸಿಬಲ್, ಪ್ರಾಬಬಲ್ ಮೂಲತಃ ಲ್ಯಾಟಿನ್ನಿನವು, 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದವು. ಮೊದಲನೆಯದರಲ್ಲಿ ಶಕ್ತಿಯ ಅರ್ಥ, ಎರಡನೆಯದರಲ್ಲಿ ಪರೀಕ್ಷಿಸಿ ಒಪ್ಪುವ ಅರ್ಥ ಅಡಗಿದೆ. ಲೈಕ್ಲಿ ಮಾತ್ರ ಮಣ್ಣಿನ ಪದ. ಹೋಲಿಕೆಯ 'ಲೈಕ್'ನಿಂದ ಬಂದದ್ದು. ಮೋಡ ನೋಡಿ 'ಮಳೆ ಬರೋ ಹಾಗಿದೆ' ಎನ್ನುತ್ತೇವಲ್ಲ, ಆ 'ಹಾಗಿದೆ'ಯೇ ಲೈಕ್ಲಿ.

ಇವನ್ನೆಲ್ಲ ಪಾಠಕ್ಕೆ ಅಳವಡಿಸಿದವರಲ್ಲಿ ಲಿಂಡ್ಲಿ ಮರ್ರೆ ಪ್ರಸಿದ್ಧರು. ಅಮೆರಿಕದಲ್ಲಿ ಹುಟ್ಟಿ, ವಕೀಲಿ, ವ್ಯಾಪಾರ ಮಾಡಿ ಇಂಗ್ಲೆಂಡಿನ ಯಾರ್ಕ್ ಬಳಿ ನೆಲೆಸಿದವರು. ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರ ಉಪಾಧ್ಯಾಯಿನಿಯರು ಕೇಳಿಕೊಂಡರೆಂದು 1795ರಲ್ಲಿ ಅವರು ಬರೆದ ವ್ಯಾಕರಣ ಮುಂದೆ ನೂರಾರು ಮುದ್ರಣ ಕಂಡಿತು. ಮೇ, ಕ್ಯಾನ್, ಮೈಟ್, ಕುಡ್ ಎಲ್ಲವನ್ನೂ ಅವರು ಒಂದೇ ಕ್ರಿಯಾರ್ಥದ ಕೆಳಗೆ ಇಟ್ಟರು. ಸಾಧ್ಯತೆ, ಸ್ವಾತಂತ್ರ್ಯ, ಶಕ್ತಿ, ಇಚ್ಛೆ, ಕರ್ತವ್ಯ ಎಲ್ಲ ಅದರೊಳಗೇ.

ವ್ಯಾಕರಣದಲ್ಲಿ ಒಂದೇ ಕಡೆ ಇದ್ದರೂ ಬದುಕಿನಲ್ಲಿ ಇವು ಒಟ್ಟಿಗಿರಲಿಲ್ಲ. 1869ರಲ್ಲಿ ಸ್ಥಾಪನೆಯಾದ ಗರ್ಟನ್, 1871ರ ನ್ಯೂನಮ್ ಹೆಣ್ಣುಮಕ್ಕಳಿಗೆಂದೇ ಶುರುವಾದ ಕೇಂಬ್ರಿಜ್‌ನ ಕಾಲೇಜುಗಳು. 1881ರಿಂದ ಅವರನ್ನು ವಿಶ್ವವಿದ್ಯಾಲಯದ ಆನರ್ಸ್ ಪರೀಕ್ಷೆಗೆ ಅಧಿಕೃತವಾಗಿ ಕೂರಿಸಿಕೊಂಡರು, ಪದವಿ ಮಾತ್ರ ಕೊಡಲಿಲ್ಲ. 1890ರಲ್ಲಿ ನ್ಯೂನಮ್‌ನ ಫಿಲಿಪ್ಪಾ ಫಾಸೆಟ್ ಗಣಿತದಲ್ಲಿ ಗಂಡಸರ ಪಟ್ಟಿಯ ಮೊದಲ ಸ್ಥಾನದವನಿಗಿಂತಲೂ ಮೇಲೆ ಬಂದಳು. ಪದವಿ? ಇಲ್ಲ. 1897ರಲ್ಲಿ ಹೆಂಗಸರಿಗೂ ಪದವಿ ಕೊಡೋಣವೆಂಬ ಸೂಚನೆ ಮತಕ್ಕೆ ಬಂದಾಗ ಹುಡುಗರು ಸೈಕಲ್ಲಿನ ಮೇಲೆ ಕೂತ ಹೆಣ್ಣಿನ ಗೊಂಬೆಯನ್ನು ಬೀದಿಯಲ್ಲಿ ನೇತುಹಾಕಿದರು. ಸೂಚನೆ ಬಿದ್ದುಹೋಯಿತು. ಪೂರ್ಣ ಪದವಿ ಸಿಕ್ಕಿದ್ದು 1948ರಲ್ಲಿ, ಫಿಲಿಪ್ಪಾ ತನ್ನ ಎಂಬತ್ತರಲ್ಲಿ ತೀರಿಕೊಂಡ ವರ್ಷ. ನಮ್ಮ ಕಲ್ಕತ್ತ ವಿಶ್ವವಿದ್ಯಾಲಯವಾದರೋ 1880ರ ದಶಕದಲ್ಲೇ ಕಾದಂಬಿನಿ ಬಸು, ಚಂದ್ರಮುಖಿ ಬಸು ಇಬ್ಬರಿಗೂ ಬಿ.ಎ. ಕೊಟ್ಟಿತ್ತು. ಕೇಂಬ್ರಿಜ್‌ನ ಆ ಹೆಣ್ಣುಮಕ್ಕಳ ಪಾಲಿಗೆ ಕ್ಯಾನ್ ಎಂದೋ ಬಂದಿತ್ತು, ಮೇ ಬರಲು ಅರವತ್ತೇಳು ವರ್ಷ ಹಿಡಿಯಿತು.

ಅದೇ 19ನೇ ಶತಮಾನದಲ್ಲಿ ಜನ ಅನುಮತಿ ಕೇಳುವುದಕ್ಕೂ ಕ್ಯಾನ್ ಬಳಸತೊಡಗಿದರು. ಮೇಷ್ಟರುಗಳು ತಿದ್ದಿದರು, ಜನ ಬಿಡಲಿಲ್ಲ. ಇಂದು ಎರಡೂ ನಡೆಯುತ್ತದೆ. ಅಂದರೆ ಆ ಹುಡುಗಿ ಅನುಮತಿ ಕೇಳಿದ್ದರೂ ಅದು ಅಂಥ ದೊಡ್ಡ ತಪ್ಪೇನಾಗಿರಲಿಲ್ಲ. ಆದರೆ ಅವಳು ಕೇಳಿದ್ದು ಅನುಮತಿಯಲ್ಲವೆಂದೇ ನನಗೆ ಈಗ ಅನ್ನಿಸುತ್ತದೆ. ಕಾಲೇಜಿಗೆ ಕಳಿಸುವ ಅಧಿಕಾರ ನನ್ನ ಕೈಯಲ್ಲಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲವೇ? ನನ್ನಂಥವಳಿಗೆ ಅಷ್ಟು ಶಕ್ತಿ ಇದೆಯೇ ಮಿಸ್, ಎಂದು ಕೇಳಿದ್ದಳು. ಕ್ಯಾನ್ ಎಂಬುದೇ ಅಲ್ಲಿ ಸರಿಯಾದ ಪದ. ಅದನ್ನು ಕಿತ್ತು, ಯಾರದೋ ಅಪ್ಪಣೆ ಬೇಡುವ ಪದವನ್ನು ನಾನೇ ಅವಳ ಬಾಯಿಗೆ ಹಾಕಿ ಕಳಿಸಿದೆ.

ಈಗಲೂ ಮೇ, ಕ್ಯಾನ್ ಪಾಠ ಮಾಡುತ್ತೇನೆ, ಪರೀಕ್ಷೆಗೆ ಬೇಕಲ್ಲ. ಆದರೆ ಹುಡುಗಿಯೊಬ್ಬಳು 'ಕ್ಯಾನ್ ಐ' ಎಂದು ಶುರು ಮಾಡಿದರೆ ನಡುವೆ ಬಾಯಿ ಹಾಕುವುದಿಲ್ಲ. ಪೂರ್ತಿ ಕೇಳಿ, ಕೈಲಿದ್ದ ನೋಟ್‌ಬುಕ್ಕುಗಳನ್ನು ಕೆಳಗಿಟ್ಟು, ಮೊದಲು ಉತ್ತರ ಹೇಳುತ್ತೇನೆ. ಕುಡ್, ಮೈಟ್ ಎಂಬ ಭೂತರೂಪಗಳು ಕೈತಪ್ಪಿದ ಸಾಧ್ಯತೆಗಳನ್ನೂ ಹೇಳುತ್ತವೆಂದು ಕಲಿಸುವಾಗ ನಾನು ಬೋರ್ಡಿನ ಮೇಲೆ ಬೇರೆ ಬೇರೆ ಉದಾಹರಣೆ ಬರೆಯುತ್ತೇನೆ. ಮನಸ್ಸಿಗೆ ಬರುವುದು ಮಾತ್ರ ಒಂದೇ. ಆ ಸಂಜೆ ಅವಳ ಜೊತೆ ಅವರ ಮನೆಯವರೆಗೂ ನಡೆದು ಅವಳ ಅಪ್ಪನ ಹತ್ತಿರ ನಾಲ್ಕು ಮಾತು ಆಡಬಹುದಿತ್ತು. ಶಾಲೆಯಿಂದ ಅವರ ಮನೆ ಬಹಳ ದೂರವೇನೂ ಇರಲಿಲ್ಲ.